ಹತ್ತು ರೂಪಾಯಿಯ ಪೊಟ್ಟಣ, ಏಳು ವರ್ಷದ ಹೊಣೆಗಾರ

ಊಟ ಬಲ್ಲವನಿಗೆ ರೋಗವಿಲ್ಲ, ಸರಿ. ಬಲ್ಲವನಾಗುವ ವಯಸ್ಸೇ ಬಾರದವನ ಊಟಕ್ಕೆ ಯಾರು ಹೊಣೆ? ಮಕ್ಕಳ ದಿನವೂ ವಿಶ್ವ ಮಧುಮೇಹ ದಿನವೂ ಒಂದೇ ತಾರೀಖಿಗೆ ಬೀಳುವ ನವೆಂಬರಿನಲ್ಲಿ, ಪುಣೆಯ ಕೊಂಢವಾದ ಶಾಲೆ ಬಿಡುವ ಹೊತ್ತಿನಿಂದ ಒಂದು ವಾದ.

ಕೊಂಢವಾದಲ್ಲಿ ಶಾಲೆ ಬಿಡುವ ಹೊತ್ತು. ಗೇಟಿನ ಮುಂದೆ ವ್ಯಾನು, ರಿಕ್ಷಾ, ಸ್ಕೂಟರುಗಳು ಒಂದಕ್ಕೊಂದು ಮೂತಿ ತಾಗಿಸಿಕೊಂಡು ನಿಂತಿವೆ. ಮರಾಠಿ, ಹಿಂದಿ, ಉರ್ದು. ನಡುವೆ ಎಲ್ಲೋ ‘ಲಗೂ ಬಾರೋ’ ಎನ್ನುವ ಬಡಗಣ ಕರ್ನಾಟಕದ ದನಿ. ರಸ್ತೆಯಾಚೆ ವಡಾಪಾವ್ ಗಾಡಿಯ ಬಾಣಲೆ ಚುರುಗುಟ್ಟುತ್ತಿದೆ. ಅದರ ಪಕ್ಕದ ಕಿರಾಣಿ ಅಂಗಡಿಯ ಮುಂಭಾಗದಲ್ಲಿ ಐದು, ಹತ್ತು ರೂಪಾಯಿಯ ಪೊಟ್ಟಣಗಳು ಮಾಲೆ ಮಾಲೆಯಾಗಿ ತೂಗುತ್ತಿವೆ. ದೊಡ್ಡವರು ಒಳಗಿನ ಕಪಾಟು ನೋಡಲು ಆ ಮಾಲೆಗಳನ್ನು ಕೈಯಿಂದ ಸರಿಸಬೇಕು. ಏಳು ವರ್ಷದ ಮಗು ಸರಿಸಬೇಕಿಲ್ಲ, ಅವು ಸರಿಯಾಗಿ ಅದರ ಕಣ್ಣಿನ ಎತ್ತರಕ್ಕೇ ಇವೆ.

ಮಗು ಬೊಟ್ಟು ಮಾಡಿ ತೋರಿಸುತ್ತದೆ, ಜೊತೆಗಿದ್ದ ಹಿರಿಯರು ದುಡ್ಡು ಕೊಡುತ್ತಾರೆ, ಅಂಗಡಿಯವರು ಪೊಟ್ಟಣ ಕಿತ್ತು ಕೊಡುತ್ತಾರೆ. ಯಾರೂ ಯಾರನ್ನೂ ಬಲವಂತ ಮಾಡಲಿಲ್ಲ. ಮಕ್ಕಳ ಬೊಜ್ಜಿನ ಮಾತು ಬಂದಾಗಲೆಲ್ಲ ಕೇಳಿಬರುವ ಉತ್ತರ ಹುಟ್ಟುವುದು ಈ ನೋಟದಿಂದಲೇ: ತಿನ್ನುವುದು ಅವರವರ ಇಷ್ಟ, ಆರೋಗ್ಯ ಅವರವರ ಹೊಣೆ, ಬಾಯಿಗೆ ಬೀಗ ಹಾಕಿಕೊಳ್ಳುವುದನ್ನು ಕಲಿಸಿದರೆ ಸಾಕು. ಈ ಉತ್ತರದಲ್ಲಿ ಸುಳ್ಳಿಲ್ಲ, ಆದರೆ ಅಳತೆ ತಪ್ಪಿದೆ. ಹೊಣೆ ಎಂಬುದನ್ನು ಹೊರಿಸಬೇಕಾದದ್ದು ಬದಲಾಯಿಸುವ ಶಕ್ತಿ ಇದ್ದವರ ಮೇಲೆ, ಅವರಿಗೆ ಇರುವ ಶಕ್ತಿಯಷ್ಟೇ. ಆ ಲೆಕ್ಕದಲ್ಲಿ ನೋಡಿದರೆ, ಅಂಗಡಿಯ ಮುಂದೆ ನಿಂತ ಮೂವರಲ್ಲಿ ಅತಿ ಕಡಿಮೆ ಪಾಲು ಮಗುವಿನದು, ಅತಿ ಹೆಚ್ಚಿನ ಪಾಲು ಅಲ್ಲಿ ಕಾಣಿಸದೇ ಇರುವವರದು.

ಮನೋಬಲ ಕುಸಿಯಿತೆ?

ಅಂಕಿಯಿಂದಲೇ ಶುರುಮಾಡೋಣ. 2024ರ ಮಾರ್ಚ್‌ನಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಜಾಗತಿಕ ವಿಶ್ಲೇಷಣೆಯ ಪ್ರಕಾರ, ಭಾರತದಲ್ಲಿ 5ರಿಂದ 19 ವರ್ಷದೊಳಗಿನ ಸ್ಥೂಲಕಾಯದ ಮಕ್ಕಳು 1990ರಲ್ಲಿ ಸುಮಾರು 4 ಲಕ್ಷ ಇದ್ದರು. 2022ರ ಹೊತ್ತಿಗೆ ಸುಮಾರು 1.25 ಕೋಟಿ. ಮೂವತ್ತೆರಡು ವರ್ಷಗಳಲ್ಲಿ ಮೂವತ್ತು ಪಟ್ಟಿಗೂ ಮಿಕ್ಕಿ. ಬೊಜ್ಜು ಬರುವುದು ಬರೀ ಬಾಯಿಚಪಲದಿಂದ ಎನ್ನುವವರು ಇದಕ್ಕೆ ಉತ್ತರ ಹೇಳಬೇಕಾಗುತ್ತದೆ: ಒಂದೇ ತಲೆಮಾರಿನಲ್ಲಿ ಈ ದೇಶದ ಮಕ್ಕಳ ಸಂಯಮ ಮೂವತ್ತು ಪಟ್ಟು ಸಡಿಲವಾಯಿತೆ? ತಾಯಂದಿರ ಕಾಳಜಿ ಮೂವತ್ತು ಪಟ್ಟು ಕರಗಿತೆ? ಮನುಷ್ಯ ಸ್ವಭಾವ ಅಷ್ಟು ಬೇಗ ಬದಲಾಗುವುದಿಲ್ಲ. ಬದಲಾದದ್ದು ಮಗುವಿನ ಸುತ್ತಲಿನ ಜಗತ್ತು.

ಕೊಂಢವಾವೇ ಅದಕ್ಕೆ ಸಾಕ್ಷಿ. ಕೊಂಢವಾ ಖುರ್ದ್, ಕೊಂಢವಾ ಬುದ್ರುಕ್, ಎಂದರೆ ಚಿಕ್ಕ ಕೊಂಢವಾ, ದೊಡ್ಡ ಕೊಂಢವಾ, ಒಂದು ಕಾಲಕ್ಕೆ ಪುಣೆಯ ಹೊರಗಿನ ಎರಡು ಹಳ್ಳಿಗಳು. ಇವತ್ತು ಎನ್‌ಐಬಿಎಂ ರಸ್ತೆಯ ಉದ್ದಕ್ಕೂ ಅಪಾರ್ಟ್‌ಮೆಂಟುಗಳು, ಕೆಫೆಗಳು; ಕೌಸರ್ ಬಾಗ್‌ನಲ್ಲಿ ರಂಜಾನ್ ತಿಂಗಳ ಸಂಜೆ ಊರೆಲ್ಲ ನೆರೆಯುವ ತಿನಿಸಿನ ಬೀದಿ; ಮನೆಯಲ್ಲಿ ಕೂತು ಫೋನಿನಲ್ಲಿ ಒತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಐಸ್‌ಕ್ರೀಮು ಬಾಗಿಲಿಗೆ. ಇನ್ನೊಂದು ಕಡೆ ಕಾತ್ರಜ್–ಕೊಂಢವಾ ರಸ್ತೆ. ಅದರ ಅಗಲೀಕರಣ ವರ್ಷಗಳಿಂದ ಕುಂಟುತ್ತ ಬಂದಿದೆ, ಭಾರಿ ಲಾರಿಗಳ ಅಪಘಾತದ ಸುದ್ದಿ ಅಲ್ಲಿಯವರಿಗೆ ಹೊಸದಲ್ಲ. ಅಂಥ ರಸ್ತೆಗೆ ಮಗುವನ್ನು ಸೈಕಲ್ ಕೊಟ್ಟು ಕಳಿಸುವ ತಾಯಿ ಎಲ್ಲಿದ್ದಾಳೆ? ದಿನಕ್ಕೆ 60 ನಿಮಿಷ ಮೈ ದಣಿಯುವ ಆಟ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅರವತ್ತು ನಿಮಿಷವನ್ನು ಮಗು ಕೊಟ್ಟೀತು, ಜಾಗವನ್ನು ಎಲ್ಲಿಂದ ತಂದೀತು?

ಇಲ್ಲಿ ಹಿರಿಯರದೊಂದು ಆಕ್ಷೇಪವಿದೆ, ಗಟ್ಟಿಯಾದ ಆಕ್ಷೇಪವೇ. ‘ನಮ್ಮ ಮನೆಗಳಲ್ಲಿ ಕರಿದದ್ದು ಇರಲಿಲ್ಲವೆ? ದೀಪಾವಳಿಗೆ ಡಬ್ಬಿಗಟ್ಟಲೆ ಚಕ್ಕುಲಿ, ಕರ್ಜಿಕಾಯಿ ಮಾಡುತ್ತಿದ್ದೆವು. ಮರಾಠಿ ಮನೆಗಳಲ್ಲಿ ಫರಾಳದ ತಟ್ಟೆ ತುಂಬಿ ತುಳುಕುತ್ತಿತ್ತು. ನಾವೇನು ಬೊಜ್ಜು ಬೆಳೆಸಿಕೊಂಡೆವೆ?’ ಇಲ್ಲ. ಆದರೆ ಕಾರಣವನ್ನು ನೋಡಬೇಕು. ಚಕ್ಕುಲಿಗೆ ಅಕ್ಕಿ ತೊಳೆದು ಒಣಗಿಸಿ, ಹುರಿದು, ಬೀಸಿ, ನಾದಿ, ಒರಳಲ್ಲಿ ಒತ್ತಿ, ಒಲೆಯ ಮುಂದೆ ಮಧ್ಯಾಹ್ನವಿಡೀ ಕೂರಬೇಕಿತ್ತು. ಆ ಶ್ರಮವೇ ತಿನ್ನುವುದಕ್ಕೆ ಬೇಲಿ. ಹಬ್ಬ ಮುಗಿದು ಡಬ್ಬಿ ಬರಿದಾದರೆ ಮುಂದಿನ ವರ್ಷದವರೆಗೆ ಕಥೆ ಮುಗಿಯಿತು. ಪೊಟ್ಟಣ ಬಂದದ್ದು ಆ ಬೇಲಿಯನ್ನು ಕಿತ್ತು. ಹಬ್ಬದ ರುಚಿಯನ್ನು ಅದು ಮಂಗಳವಾರದ ಮಧ್ಯಾಹ್ನಕ್ಕೆ, ಬುಧವಾರದ ಸಂಜೆಗೆ ಹಂಚಿಹಾಕಿತು, ಹತ್ತು ರೂಪಾಯಿಗೆ. ಅಜ್ಜಿಯ ಸಂಯಮ ದೊಡ್ಡದಿರಬಹುದು. ಅದಕ್ಕಿಂತ ದೊಡ್ಡದಾಗಿ ಅವಳ ಕಾಲದ ಒಲೆ ಅವಳಿಗೆ ನೆರವಾಗಿತ್ತು.

ಹುಟ್ಟುವ ಮೊದಲೇ ತೆರೆದ ಖಾತೆ

ಹೊಣೆಯನ್ನು ಮಗುವಿನ ಮೇಲೆ ಹೊರಿಸಲಾಗದು ಎನ್ನಲು ಎಲ್ಲಕ್ಕಿಂತ ಬಲವಾದ ಪುರಾವೆ ಸಿಕ್ಕಿದ್ದು ಪುಣೆಯಲ್ಲೇ. ನಗರದ ಕೆಇಎಂ ಆಸ್ಪತ್ರೆಯ ಮಧುಮೇಹ ತಜ್ಞ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಸಂಗಡಿಗರು 1993ರಲ್ಲಿ ಪುಣೆ ಸುತ್ತಲಿನ ಆರು ಹಳ್ಳಿಗಳಲ್ಲಿ ಗರ್ಭಿಣಿಯರ ಪೋಷಣೆಯ ಅಧ್ಯಯನ ಆರಂಭಿಸಿದರು. ಹೊಲದಲ್ಲಿ ದುಡಿಯುವ, ತೆಳ್ಳಗಿನ ತಾಯಂದಿರು. ಹುಟ್ಟಿದ ಶಿಶುಗಳ ಸರಾಸರಿ ತೂಕ ಸುಮಾರು 2.7 ಕೆ.ಜಿ.; ಹೋಲಿಕೆಗೆಂದು ನೋಡಿದ ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳದು ಸುಮಾರು 3.5. ಪುಣೆಯ ಕೂಸುಗಳಲ್ಲಿ ಸ್ನಾಯು ಕಡಿಮೆ, ಒಳಾಂಗಗಳು ಚಿಕ್ಕವು. ಚರ್ಮದಡಿಯ ಕೊಬ್ಬು ಮಾತ್ರ ಆ ಪ್ರಮಾಣದಲ್ಲಿ ಕಡಿಮೆಯಾಗಿರಲಿಲ್ಲ. ತಕ್ಕಡಿಯಲ್ಲಿ ಬಡಕಲು, ಒಳಗೆ ಕೊಬ್ಬು. ‘ತೆಳ್ಳಗಿನ ದಪ್ಪ’ ಭಾರತೀಯ ಶಿಶು ಎಂಬ ಪರಿಕಲ್ಪನೆ ಜಗತ್ತಿಗೆ ಹೋದದ್ದು ಈ ಹಳ್ಳಿಗಳಿಂದ. ಅದೇ ಅಧ್ಯಯನ ಮುಂದುವರಿದಂತೆ ಇನ್ನೂ ಎರಡು ಸಂಗತಿ ಕಂಡವು. ಗರ್ಭಿಣಿ ಸೊಪ್ಪು, ಹಣ್ಣು, ಹಾಲನ್ನು ಹೆಚ್ಚು ಸಲ ತಿಂದಿದ್ದರೆ ಮಗುವಿನ ಬೆಳವಣಿಗೆ ಉತ್ತಮವಾಗಿತ್ತು. ಬಿ12 ಜೀವಸತ್ವ ಕಡಿಮೆ, ಫೋಲೇಟ್ ಹೆಚ್ಚು ಇದ್ದ ತಾಯಂದಿರ ಮಕ್ಕಳಲ್ಲಿ ಆರನೇ ವಯಸ್ಸಿಗೇ ಇನ್ಸುಲಿನ್ ಪ್ರತಿರೋಧದ ಸುಳಿವು ಕಾಣಿಸಿತು.

■ ಒಂದೇ ಬಿಎಂಐ, ಎರಡು ದೇಹ
2004ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಒಂದು ಫೋಟೊ ಅಚ್ಚಾಯಿತು. ಪಕ್ಕಪಕ್ಕದಲ್ಲಿ ಇಬ್ಬರು ವೈದ್ಯರು: ಪುಣೆಯ ಯಾಜ್ಞಿಕ್, ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರದೂ ಬಿಎಂಐ, ಎಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ಭಾರತೀಯ ಮಕ್ಕಳ ತಜ್ಞರ ಸಂಘ 2015ರ ಬೆಳವಣಿಗೆ ನಕ್ಷೆಗಳಲ್ಲಿ ಅಧಿಕ ತೂಕಕ್ಕೆ ವಯಸ್ಕರ 25ರ ಬದಲು 23ನ್ನೂ ಬೊಜ್ಜಿಗೆ 30ರ ಬದಲು 27ನ್ನೂ ಸಮನಾದ ಗೆರೆಯಾಗಿ ಇಟ್ಟುಕೊಂಡಿದ್ದು ನಮ್ಮ ಮೈಯ ಈ ಗುಣಕ್ಕಾಗಿಯೇ.

ಕನ್ನಡ ನಾಡಿಗೂ ಈ ಕಥೆಯಲ್ಲಿ ದೊಡ್ಡ ಪಾಲಿದೆ, ಅದನ್ನು ನಾವೇ ಹೆಚ್ಚು ನೆನೆಯುವುದಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲೆಯಲ್ಲಿ ಬರೆದಿಟ್ಟುಕೊಂಡು ಬಂದಿತ್ತು. ಆ ಹಳೆಯ ಪುಟಗಳನ್ನು ಹಿಡಿದು, ಅಲ್ಲಿ ಹುಟ್ಟಿ ನಡುವಯಸ್ಸಿಗೆ ಬಂದವರನ್ನು 1990ರ ದಶಕದಲ್ಲಿ ಹುಡುಕಿ ಪರೀಕ್ಷಿಸಿದಾಗ, ಉದ್ದಕ್ಕೆ ಹೋಲಿಸಿದರೆ ಗುಂಡಗೆ ಹುಟ್ಟಿದವರಲ್ಲಿ, ತೂಕದ ತಾಯಂದಿರಿಗೆ ಹುಟ್ಟಿದವರಲ್ಲಿ ಮಧುಮೇಹ ಹೆಚ್ಚಿದ್ದುದು ತಿಳಿಯಿತು. 1997–98ರಲ್ಲಿ ಅಲ್ಲಿಯೇ ಶುರುವಾದ ಪಾರ್ಥೆನಾನ್ ಅಧ್ಯಯನದಲ್ಲಿ ನೂರಕ್ಕೆ ಆರು ಗರ್ಭಿಣಿಯರಿಗೆ ಬಸಿರಿನ ಮಧುಮೇಹವಿತ್ತು. ಅವರ ಹೆಣ್ಣುಮಕ್ಕಳು ಐದನೇ ವರ್ಷಕ್ಕೇ ಓರಗೆಯವರಿಗಿಂತ ಹೆಚ್ಚು ಕೊಬ್ಬು ಹೊತ್ತಿದ್ದರು.

ಪುಣೆಯ ಬಡಕಲು ಕೂಸು, ಮೈಸೂರಿನ ಗುಂಡನೆಯ ಕೂಸು: ಎರಡು ದಾರಿಯಿಂದ ಹೊರಟರೂ ಮುಟ್ಟಿದ್ದು ಒಂದೇ ಕಡೆ. ಕೊಬ್ಬನ್ನು ಕೂಡಿಡುವ ಮೈಯ ಒಲವು ತಾಯಿಯ ಗರ್ಭದಲ್ಲೇ ರೂಪುಗೊಳ್ಳತೊಡಗುತ್ತದೆ. ಬಾಯಿಗೆ ಮೊದಲ ತುತ್ತು ಬೀಳುವ ಮುನ್ನವೇ ತೆರೆದ ಈ ಖಾತೆಗೆ ಮಗುವನ್ನು ಸಾಲಗಾರ ಎನ್ನುವುದು ಅನ್ಯಾಯ. ಇದನ್ನು ಕೇಳಿ ‘ಹಾಗಾದರೆ ತಪ್ಪು ತಾಯಿಯದು’ ಎಂದು ತಟ್ಟನೆ ತಿರುಗುವವರಿಗೂ ಒಂದು ಮಾತು. ಆ ತಾಯಿಗೆ ಬಾಲ್ಯದಲ್ಲಿ ಸೊಪ್ಪು, ಹಾಲು ಸಾಲದೆ ಹೋದದ್ದು ಅವಳ ಆಯ್ಕೆಯಲ್ಲ.

ಬೊಜ್ಜು ಉಳ್ಳವರ ಮನೆಯ ಕಾಯಿಲೆ, ಹಸಿವೇ ಇನ್ನೂ ನೀಗದ ದೇಶದಲ್ಲಿ ಇದೇನು ಚರ್ಚೆ ಎಂಬ ಪ್ರಶ್ನೆಗೂ ಉತ್ತರ ಇಲ್ಲಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019–21) ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.5ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಅಧಿಕ ತೂಕದವರು ಶೇ 3.4, ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 2.1 ಇತ್ತು. ಇವು ಎರಡು ಬೇರೆ ಬೇರೆ ದೇಶದ ಮಕ್ಕಳ ಲೆಕ್ಕವಲ್ಲ. ಕಲಬುರಗಿ, ಸೊಲ್ಲಾಪುರದ ಕಡೆಯಿಂದ ಗಾರೆ ಕೆಲಸಕ್ಕೆ ಪುಣೆಗೆ ಬಂದ ಮನೆಯ ಕೂಸು ಕಡಿಮೆ ತೂಕದಲ್ಲಿ ಹುಟ್ಟಿ, ಜೋಳದ ರೊಟ್ಟಿ, ಬೇಳೆ, ಪುಂಡಿಪಲ್ಯದ ತಟ್ಟೆಯಿಂದ ಬಿಸ್ಕತ್ತು, ಕುರುಕಲಿನ ಪೊಟ್ಟಣಕ್ಕೆ ಬಂದರೆ, ಹಸಿವಿನ ಗುರುತೂ ಬೊಜ್ಜಿನ ಗುರುತೂ ಒಂದೇ ಮೈಮೇಲೆ ಮೂಡುತ್ತವೆ. ಹಸಿವನ್ನು ಮರೆತು ಬೊಜ್ಜಿನ ಮಾತಾಡುವುದು ತಪ್ಪು, ಪೊಟ್ಟಣದಿಂದ ಹಸಿವು ನೀಗಿತೆಂದು ನೆಮ್ಮದಿಯಾಗುವುದು ಅದಕ್ಕಿಂತ ದೊಡ್ಡ ತಪ್ಪು.

ಐವತ್ತು ಮೀಟರಿನಾಚೆ

ಸರ್ಕಾರ ಏನೂ ಮಾಡಿಲ್ಲ ಎನ್ನಲಾಗದು. ಮಹಾರಾಷ್ಟ್ರ ಸರ್ಕಾರ 2017ರ ಮೇ ತಿಂಗಳಲ್ಲೇ ಶಾಲಾ ಕ್ಯಾಂಟೀನುಗಳಲ್ಲಿ ಜಂಕ್ ಫುಡ್ ಮಾರಬಾರದೆಂದು ಆದೇಶಿಸಿತು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯೊಳಗೂ ಗೇಟಿನಿಂದ 50 ಮೀಟರಿನೊಳಗೂ ಮಾರುವಂತಿಲ್ಲ ಎನ್ನುತ್ತದೆ. 2022ರ ಜೂನ್‌ನ ಜಾಹೀರಾತು ಮಾರ್ಗಸೂಚಿ ಮಕ್ಕಳ ಕಾರ್ಯಕ್ರಮ, ಮಕ್ಕಳ ಚಾನೆಲ್ಲುಗಳಲ್ಲಿ ಇಂಥ ತಿನಿಸಿನ ಜಾಹೀರಾತನ್ನು ತಡೆಯುತ್ತದೆ. ಹೆಜ್ಜೆಗಳು ಸರಿಯಾದ ದಿಕ್ಕಿನವೇ. ಆದರೆ ಕೊಂಢವಾದಂಥ ಒತ್ತೊತ್ತಾದ ಬಡಾವಣೆಯಲ್ಲಿ ಐವತ್ತು ಮೀಟರ್ ಎಂದರೆ ಹತ್ತು ಅಂಗಡಿಗಳ ದೂರ. ಮಗುವಿನ ಮನೆ ಅದರಾಚೆ ಇರುತ್ತದೆ. ಮಗು ನೋಡುವುದು ಮಕ್ಕಳ ಚಾನೆಲ್ಲನ್ನಷ್ಟೇ ಅಲ್ಲ, ಅಪ್ಪನ ಪಕ್ಕ ಕೂತು ಕ್ರಿಕೆಟ್ಟನ್ನೂ ನೋಡುತ್ತದೆ, ಅಮ್ಮನ ಫೋನನ್ನೂ ನೋಡುತ್ತದೆ. ಮೇಲಾಗಿ ಐವತ್ತು ಮೀಟರಿನ ನಿಯಮದ ಪೆಟ್ಟು ಮೊದಲು ಬೀಳುವುದು ವಡಾಪಾವ್ ಗಾಡಿಯವರ ಬೆನ್ನಿಗೆ. ಮೈದಾ ಪಾವ್, ಕರಿದ ವಡೆ ದಿನನಿತ್ಯದ ಊಟವಾಗಬಾರದು, ನಿಜ. ಆದರೂ ಆ ಗಾಡಿ ಕಾರ್ಟೂನಿನ ಚಿತ್ರ ಹೊತ್ತು ಮಗುವಿನ ಮಲಗುವ ಕೋಣೆಯವರೆಗೆ ಬರುವುದಿಲ್ಲ. ಗಾಡಿಯನ್ನು ಎಬ್ಬಿಸುವುದು ಸುಲಭ, ಪೊಟ್ಟಣದ ಮೇಲೆ ನಾಲ್ಕು ಸತ್ಯದ ಅಕ್ಷರ ಬರೆಸುವುದು ಕಷ್ಟ. ಸುಲಭದ್ದನ್ನು ಮಾಡಿ ಕೈತೊಳೆದುಕೊಂಡರೆ ಹೊಣೆ ಹಂಚಿದಂತಾಗಲಿಲ್ಲ.

ಸತ್ಯದ ಅಕ್ಷರ ಯಾಕೆ ಬೇಕೆಂದರೆ, ಜಾಗರೂಕ ಹೆತ್ತವರನ್ನೇ ದಾರಿ ತಪ್ಪಿಸಿದ ಉದಾಹರಣೆಗಳಿವೆ. ಸಕ್ಕರೆ ಬೆರೆತ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯಿರಿ ಎಂದು ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಮಾರಾಟ ತಾಣಗಳಿಗೆ ಹೇಳಿದ್ದು 2024ರ ಏಪ್ರಿಲ್‌ನಲ್ಲಿ. ಅಂಥದ್ದೊಂದು ವರ್ಗ ನಮ್ಮ ಆಹಾರ ಕಾನೂನಿನಲ್ಲಿ ಇರಲೇ ಇಲ್ಲ! ಸಿಹಿ ಪಾನೀಯಗಳ ಹೆಸರಿನಲ್ಲಿ ‘ಓಆರ್‌ಎಸ್’ ಎಂಬ ಪದ ಬಳಸಕೂಡದೆಂಬ ಕಟ್ಟುನಿಟ್ಟಿನ ಆದೇಶ ಬಂದದ್ದು 2025ರ ಅಕ್ಟೋಬರಿನಲ್ಲಿ, ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ. ಭೇದಿಯಾದ ಮಗುವಿಗೆ ಔಷಧವೆಂದೇ ನಂಬಿ ಸಕ್ಕರೆ ನೀರು ಕುಡಿಸಿದ ತಾಯಿಗೆ ‘ನಿನ್ನ ಹೊಣೆ’ ಎನ್ನುವ ಮುಖ ಯಾರಿಗಿದೆ?

ಹೆಸರಿನಷ್ಟೇ ಬೆಲೆಯೂ ಮಾತಾಡುತ್ತದೆ. ಬ್ರಿಟನ್ 2016ರಲ್ಲಿ ಸಿಹಿ ಪಾನೀಯಗಳ ತೆರಿಗೆ ಘೋಷಿಸಿ, 2018ರ ಏಪ್ರಿಲ್‌ನಿಂದ ಜಾರಿಗೆ ತಂದಿತು. ಅದರ ಜಾಣತನ ಮೆಟ್ಟಿಲುಗಳಲ್ಲಿದೆ: ನೂರು ಮಿ.ಲೀ.ಗೆ 5 ಗ್ರಾಂಗಿಂತ ಕಡಿಮೆ ಸಕ್ಕರೆ ಇದ್ದರೆ ತೆರಿಗೆಯೇ ಇಲ್ಲ, 8 ಗ್ರಾಂ ದಾಟಿದರೆ ಹೆಚ್ಚು. ಕಂಪನಿಗಳು ತೆರಿಗೆ ಶುರುವಾಗುವ ಮೊದಲೇ ಸಕ್ಕರೆ ಇಳಿಸಿದವು. ಮಗು ಯಾವ ಸಂಯಮವನ್ನೂ ಕಲಿಯದೆ, ಅದೇ ಅಂಗಡಿಯಲ್ಲಿ ಅದೇ ಬಾಟಲಿ ಕೊಂಡರೂ ಹೊಟ್ಟೆಗೆ ಹೋಗುವ ಸಕ್ಕರೆ ಕಡಿಮೆಯಾಯಿತು. ಕೇಂಬ್ರಿಜ್ ಸಂಶೋಧಕರು 2023ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ 10–11 ವರ್ಷದ ಹುಡುಗಿಯರ ಬೊಜ್ಜು, ತೆರಿಗೆ ಇಲ್ಲದಿದ್ದರೆ ಇರಬಹುದಾಗಿದ್ದುದಕ್ಕಿಂತ ಶೇ 8ರಷ್ಟು ಕಡಿಮೆ ಕಂಡಿತು. ಹುಡುಗರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ತೆರಿಗೆಯೊಂದೇ ಮಂತ್ರದಂಡವಲ್ಲ ಎಂಬುದಕ್ಕೆ ಇದೂ ಸಾಕ್ಷಿ.

■ ನಮ್ಮ ತೆರಿಗೆ ಹೇಳುವುದೇನು?
2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ದರಗಳಲ್ಲಿ ಗ್ಯಾಸ್ ತುಂಬಿದ ಸಿಹಿ ಪಾನೀಯಕ್ಕೆ ಶೇ 40. ಸಕ್ಕರೆ ಎಷ್ಟಿದ್ದರೂ ದರ ಒಂದೇ, ಕಡಿಮೆ ಮಾಡಿದವರಿಗೆ ಲಾಭವಿಲ್ಲ. ಬಿಸ್ಕತ್ತು, ಚಾಕೊಲೇಟು, ಐಸ್‌ಕ್ರೀಮಿನ ತೆರಿಗೆ ಶೇ 18ರಿಂದ 5ಕ್ಕೆ, ಪೊಟ್ಟಣದ ಖಾರಾ ಮತ್ತು ಗ್ಯಾಸಿಲ್ಲದ ಹಣ್ಣಿನ ರಸದ ಪಾನೀಯಗಳ ತೆರಿಗೆ ಶೇ 12ರಿಂದ 5ಕ್ಕೆ ಇಳಿದಿದೆ. ಅದೇ ವರ್ಷದ ಜನವರಿಯ ಆರ್ಥಿಕ ಸಮೀಕ್ಷೆ ಅತಿಯಾಗಿ ಸಂಸ್ಕರಿಸಿದ ಆಹಾರದ ಬಗ್ಗೆ ಎಚ್ಚರಿಸಿತ್ತು.

ತೆರಿಗೆ ಬಡವರ ಜೇಬಿಗೇ ಭಾರ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹತ್ತು ರೂಪಾಯಿ ಹನ್ನೆರಡಾದರೆ ಅದು ಮುಟ್ಟುವುದು ಕೂಲಿ ಮಾಡುವ ಮನೆಯನ್ನೇ. ಆದರೆ ನಲವತ್ತು ದಾಟುವ ಮೊದಲೇ ಬರುವ ಸಕ್ಕರೆ ಕಾಯಿಲೆಯ ಮಾತ್ರೆ, ಡಯಾಲಿಸಿಸ್, ಕೆಲಸ ತಪ್ಪಿದ ದಿನಗಳು ಆ ಮನೆಗೆ ಹಾಕುವ ತೆರಿಗೆಗೆ ಯಾವ ಮಿತಿಯೂ ಇಲ್ಲ. ಸಂಗ್ರಹವಾದ ಹಣ ಶಾಲೆಯ ಊಟಕ್ಕೆ, ಮೊಟ್ಟೆಗೆ, ಹಣ್ಣಿಗೆ, ಬಡಾವಣೆಯ ಆಟದ ಬಯಲಿಗೆ ಮರಳಿದರೆ ಮಾತ್ರ ಇದು ನ್ಯಾಯದ ತೆರಿಗೆ, ಇಲ್ಲದಿದ್ದರೆ ಆಕ್ಷೇಪವೇ ಗೆದ್ದಂತೆ.

ಮನೆಯ ಪಾಲು

ಹಾಗಾದರೆ ಹೆತ್ತವರು ಹೊಣೆಯಿಂದ ಪಾರೆ? ಖಂಡಿತ ಅಲ್ಲ. ಅವರ ಕೈಗೆ ಎಟುಕುವಷ್ಟು ಹೊಣೆ ಅವರದೇ, ಅದು ಸಣ್ಣದೂ ಅಲ್ಲ. ಮನೆಯೊಳಗೆ ಏನು ಬರಬೇಕು, ಶಾಲೆಯ ಡಬ್ಬಿಯಲ್ಲಿ ಏನಿರಬೇಕು, ಊಟದ ಹೊತ್ತಿಗೆ ಟಿ.ವಿ., ಫೋನು ಆರಬೇಕೇ ಬೇಡವೇ ಎಂಬುದನ್ನು ಯಾವ ಕಂಪನಿಯೂ ತೀರ್ಮಾನಿಸುವುದಿಲ್ಲ. ಮೊಮ್ಮಗ ಗುಂಡುಗುಂಡಗೆ ಇದ್ದರೆ ದೃಷ್ಟಿ ತೆಗೆದು, ತೆಳ್ಳಗಿದ್ದರೆ ಸೊಸೆಯನ್ನು ಗದರುವ ಅಜ್ಜ ಅಜ್ಜಿಯರ ಪ್ರೀತಿಯೂ ಇಲ್ಲಿ ಬದಲಾಗಬೇಕು. ಬಹುಮಾನ ಎಂದರೆ ಚಾಕೊಲೇಟು, ಹುಟ್ಟುಹಬ್ಬ ಎಂದರೆ ಪಿಜ್ಜಾ, ಮಕ್ಕಳ ದಿನ ಎಂದರೆ ತರಗತಿ ತುಂಬ ಸಿಹಿ ಎಂಬ ರೂಢಿಯನ್ನು ಮಾಡಿದವರು ದೊಡ್ಡವರೇ, ಮುರಿಯಬೇಕಾದವರೂ ಅವರೇ. ಅಮೆರಿಕದ ಪಥ್ಯತಜ್ಞೆ ಎಲಿನ್ ಸ್ಯಾಟರ್ ಈ ಹೊಣೆಯನ್ನು ಸೊಗಸಾಗಿ ಹಂಚಿದ್ದಾರೆ: ಏನು, ಯಾವಾಗ, ಎಲ್ಲಿ ಬಡಿಸುವುದು ಎಂಬುದು ಹಿರಿಯರದು, ಬಡಿಸಿದ್ದರಲ್ಲಿ ಎಷ್ಟು ತಿನ್ನುವುದು ಎಂಬುದು ಮಗುವಿನದು. ನಮ್ಮಲ್ಲಿ ಇದು ತಿರುವುಮುರುವಾಗಿದೆ. ಏನು ಬೇಕೆಂದು ಮಗುವನ್ನು ಕೇಳುತ್ತೇವೆ, ಎಷ್ಟು ತಿನ್ನಬೇಕೆಂದು ನಾವು ತುರುಕುತ್ತೇವೆ.

ಮತ್ತೊಂದು ಎಚ್ಚರವನ್ನು ಒತ್ತಿ ಹೇಳಲೇಬೇಕು. ಹೊಣೆಯ ಮಾತು ಮಗುವಿನ ಕಿವಿಗೆ ಮುಟ್ಟುವಷ್ಟರಲ್ಲಿ ಹೀಯಾಳಿಕೆಯಾಗಿರುತ್ತದೆ: ‘ಡುಮ್ಮಾ’, ‘ಆನೆಮರಿ’. ತೂಕಕ್ಕಾಗಿ ಅಣಕಿಸಿಕೊಂಡ ಮಕ್ಕಳು ಇಳಿಯುವ ಬದಲು ಇನ್ನಷ್ಟು ತೂಕ ಏರಿಸಿಕೊಳ್ಳುವುದನ್ನು ಅಧ್ಯಯನಗಳು ತೋರಿಸಿವೆ. ನಾಚಿಕೆಯಾದ ಮಗು ಆಟದ ಬಯಲಿನಿಂದ ಹಿಂದೆ ಸರಿಯುತ್ತದೆ, ಕದ್ದು ತಿನ್ನುತ್ತದೆ.

■ ಮನೆಯಲ್ಲೇ ಒಂದು ಅಳತೆ
ಐದು ವರ್ಷ ದಾಟಿದ ಮಗುವಿನ ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಮಕ್ಕಳ ವೈದ್ಯರನ್ನು ಕಾಣಿ; ತಾವೇ ಉಪವಾಸ ಕೆಡವುವುದು, ಊಟ ಕಡಿಯುವುದು ಬೇಡ. ಬೆಳೆಯುವ ಬಹಳಷ್ಟು ಮಕ್ಕಳಲ್ಲಿ ತೂಕವನ್ನು ಇದ್ದಲ್ಲೇ ಹಿಡಿದಿಟ್ಟರೂ ಸಾಕು, ಎತ್ತರ ಬಂದಂತೆ ಮೈ ಸರಿಹೋಗುತ್ತದೆ. ಪೊಟ್ಟಣದ ಪಟ್ಟಿಯಲ್ಲಿ ಸಕ್ಕರೆಯ ಗ್ರಾಂಗಳನ್ನು 4ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಚಮಚಗಳ ಲೆಕ್ಕ. 200 ಮಿ.ಲೀ. ಕೋಲಾದಲ್ಲಿ ಸುಮಾರು ಐದು ಚಮಚ.

ಈ ಭಾಗಾಕಾರವನ್ನು ತಾಯಿ ಅಂಗಡಿಯ ಮುಂದೆ ನಿಂತು, ಒಂದು ಕೈಯಲ್ಲಿ ಶಾಲೆಯ ಚೀಲ ಹಿಡಿದು, ಪೊಟ್ಟಣದ ಬೆನ್ನಿನ ಇರುವೆಸಾಲಿನಂಥ ಅಕ್ಷರ ಓದಿ ಮಾಡಬೇಕೆಂದು ನಿರೀಕ್ಷಿಸುವುದೇ ಇವತ್ತಿನ ‘ವೈಯಕ್ತಿಕ ಹೊಣೆ’. ಚಿಲಿ ದೇಶ 2016ರಿಂದ ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರುವ ಪೊಟ್ಟಣಗಳ ಮುಖದ ಮೇಲೆ ಕಪ್ಪು ಅಷ್ಟಕೋನ ಮುದ್ರಿಸಿ, ಅವುಗಳಿಂದ ಕಾರ್ಟೂನುಗಳನ್ನು ಕಿತ್ತುಹಾಕಿತು. ಸಿಹಿ ಪಾನೀಯಗಳ ಖರೀದಿ ಅಲ್ಲಿ ಸುಮಾರು ಕಾಲುಭಾಗ ತಗ್ಗಿತು. ಅದು ನಮಗೆ ಒಗ್ಗದ ಪರದೇಶಿ ವಿದ್ಯೆ ಎನ್ನುವವರು ಯಾವುದೇ ಸಸ್ಯಾಹಾರಿ ಬಿಸ್ಕತ್ತಿನ ಪೊಟ್ಟಣ ಕೈಗೆತ್ತಿಕೊಂಡು ನೋಡಲಿ: ಹಸಿರು ಚುಕ್ಕೆ ಇದೆ. ಓದು ಬಾರದವರೂ, ಶಾಲೆಗೇ ಸೇರದ ಮಗುವೂ ಅದು ಸಸ್ಯಾಹಾರವೆಂದು ಗುರುತಿಸುತ್ತಾರೆ. ಒಂದು ಚುಕ್ಕೆಯಿಂದ ಇಡೀ ದೇಶಕ್ಕೆ ಓದಲು ಕಲಿಸಿದವರು ನಾವು. ಅಂಥದ್ದೇ ಇನ್ನೊಂದು ಗುರುತು ಸಕ್ಕರೆಗೆ ಇರಲಿ ಎಂಬುದು ಯಾರ ಸ್ವಾತಂತ್ರ್ಯವನ್ನೂ ಕಸಿಯುವುದಿಲ್ಲ. ಕೊಳ್ಳುವವರು ಕೊಳ್ಳಲಿ, ತಿಳಿದು ಕೊಳ್ಳಲಿ.

ಸಿಬಿಎಸ್‌ಇ 2025ರ ಮೇ ತಿಂಗಳಲ್ಲಿ ತನ್ನ ಶಾಲೆಗಳಿಗೆ ‘ಶುಗರ್ ಬೋರ್ಡ್’ ಹಾಕಲು ಹೇಳಿತು. ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆ ಎಂಬುದನ್ನು ಮಕ್ಕಳು ಶಾಲೆಯ ಗೋಡೆಯ ಮೇಲೆ ಓದುತ್ತಿದ್ದಾರೆ. ಮಕ್ಕಳು ತಮ್ಮ ಪಾಲಿನ ಪಾಠ ಶುರುಮಾಡಿದರು ಎಂದಾಯಿತು. ಪೊಟ್ಟಣದ ಮುಖದ ಮೇಲೆ ಗುರುತು ಹಾಕುವ ನಿಯಮದ ಕರಡು ಹೊರಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಮೂರು ತಿಂಗಳ ಗಡುವು ಕೊಟ್ಟಿತು, ಜುಲೈನಲ್ಲಿ ಅದನ್ನು ಇನ್ನೂ ಮೂರು ತಿಂಗಳು ವಿಸ್ತರಿಸಿತು. ಕರಡು ಬಂದ ವರ್ಷ ಒಂದನೇ ತರಗತಿಗೆ ಸೇರಿದ್ದ ಕೊಂಢವಾದ ಮಗು 2025ರಲ್ಲಿ ನಾಲ್ಕನೆಯದಕ್ಕೆ ಬಂತು. ಅದಕ್ಕೆ ಓದಲು ಬರುತ್ತದೆ, ಭಾಗಾಕಾರವೂ ಬರುತ್ತದೆ. ಅಂಗಡಿಯ ಮುಂದಿನ ಮಾಲೆ ಈಗ ಅದರ ಎದೆಯ ಎತ್ತರಕ್ಕಿದೆ, ಪೊಟ್ಟಣದ ಮುಖದ ಮೇಲೆ ಇನ್ನೂ ಕಾರ್ಟೂನು.